ಬಾಲನೆರೆಯ ಗೂಬೆ ಬೋರಿನ ನೀರಿನ ಮೇಲೆ

ಹಾವೇರಿಯ ಕ್ಷೌರದಂಗಡಿಯೊಂದರಲ್ಲಿ ಭಾನುವಾರ ಬೆಳಿಗ್ಗೆ ಕೇಳಿದ ಮಾತಿದು. ಕುರ್ಚಿಯಲ್ಲಿ ಕೂತಿದ್ದವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ‘ಏನೋ ತಮ್ಮಾ, ಇಷ್ಟ ಲಗೂ ತಲಿ ಬೆಳ್ಳಗಾತಲ್ಲೋ?’ ಎಂದರು ಕತ್ತರಿ ಹಿಡಿದ ಹಿರಿಯರು. ‘ಬೋರಿನ ನೀರ್ರೀ ಕಾಕಾ’ ಎಂದ ಹುಡುಗ. ಪಾಳಿಗಾಗಿ ಬೆಂಚಿನ ಮೇಲೆ ಕಾದಿದ್ದವರೂ ಸುಮ್ಮನಿರಲಿಲ್ಲ. ಒಬ್ಬರು ಶಾಂಪೂವನ್ನು ಬೈದರು, ಇನ್ನೊಬ್ಬರು ಪರೀಕ್ಷೆಯ ಚಿಂತೆ ಎಂದರು, ಮತ್ತೊಬ್ಬರು ಎಣ್ಣೆ ಹಚ್ಚದ ಈಗಿನ ಹುಡುಗರನ್ನೇ ಒಟ್ಟಾಗಿ ದೂರಿದರು. ಮುಂದಿನ ವಾರ ಕನ್ಯೆ ನೋಡಲು ಹೊರಟಿದ್ದ ಹುಡುಗನಿಗೆ ಬೇಕಾಗಿದ್ದುದು ಕಾರಣವಲ್ಲ, ಕಪ್ಪು ಬಣ್ಣ.

ಬೋರ್‌ವೆಲ್, ಶಾಂಪೂ ಬರುವ ಎಷ್ಟೋ ಮೊದಲೇ ಕನ್ನಡದಲ್ಲಿ ‘ಬಾಲನೆರೆ’ ಎಂಬ ಮಾತಿತ್ತು. (ವರದಾ ನದಿಗೆ ಬರುವ ನೆರೆ ಬೇರೆ, ಇದು ತಲೆಗೆ ಬರುವ ನೆರೆ.) ಹಳಗನ್ನಡದಲ್ಲಿ ಇದು ‘ನರೆ’. 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಯಶೌಘ ರಾಜ ತನ್ನ ತಲೆಯಲ್ಲಿ ನರೆಗೂದಲು ಕಂಡು ವಿರಕ್ತನಾಗಿ, ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಡುತ್ತಾನೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಗುರುತುಗಳನ್ನು ಎಣಿಸಲು ತೊಡಗುವುದೂ ನರೆಯಿಂದಲೇ. ನರೆ ಎಂದರೆ ಮುಪ್ಪು ಎಂಬ ಈ ಹಳೆಯ ಲೆಕ್ಕವೇ ಇಂದು ಇಪ್ಪತ್ತರ ಹುಡುಗ ಹುಡುಗಿಯರ ಪಾಲಿಗೆ ಮುಳುವಾಗಿದೆ. ವಯಸ್ಸು ಮುಚ್ಚಿಟ್ಟಿದ್ದಾರೆಂಬ ಗುಮಾನಿಯಿಂದ ಸಂಬಂಧಗಳು ಮುರಿದದ್ದೂ ಉಂಟು.

ನಮ್ಮ ಕಡೆಯವರಿಗೆ ಬಣ್ಣ ಹೋಗುವುದೆಂದರೆ ಮೊದಲು ನೆನಪಾಗುವುದು ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಬೆಳಕು, ಗಾಳಿ, ಬಿಸಿಗೆ ಆ ಕೆಂಪು ದಿನಗಳೆದಂತೆ ಮಾಸುತ್ತದೆ. ಅದಕ್ಕೆಂದೇ ಬ್ಯಾಡಗಿಯಲ್ಲಿ ಶೀತಲಗೃಹಗಳಿವೆ. ಕೂದಲೂ ಹೀಗೆಯೇ ಹೊರಗಿನ ಕಾರಣದಿಂದ ಮಾಸುತ್ತದೆಂದು ನಾವು ತಿಳಿಯುತ್ತೇವೆ. ತಪ್ಪುವುದು ಇಲ್ಲಿಯೇ. ಕೂದಲು ಹೊರಬಂದ ಮೇಲೆ ನರೆಯುವುದಿಲ್ಲ, ಬುಡದಿಂದಲೇ ಬಿಳಿಯಾಗಿ ಹುಟ್ಟುತ್ತದೆ. ಗಡಸು ನೀರಿನಿಂದ ಕೂದಲು ಒರಟಾದೀತು. ಚರ್ಮದೊಳಗಿನ ಬಣ್ಣದ ಕೆಲಸವನ್ನು ಅದು ನಿಲ್ಲಿಸುತ್ತದೆ ಎನ್ನಲು ಆಧಾರವಿಲ್ಲ.

ಆ ಕೆಲಸ ನಡೆಯುವುದು ಹೀಗೆ. ಪ್ರತಿ ಕೂದಲಿನ ಬುಡದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತಯಾರಿಸುವ ಕೋಶಗಳಿವೆ. ಬೆಳೆಯುತ್ತಿರುವ ಎಳೆಗೆ ಅವು ಬಣ್ಣ ತುಂಬುತ್ತವೆ. ಕೂದಲು ಕೆಲವು ವರ್ಷ ಬೆಳೆದು ಉದುರುತ್ತದೆ, ಅದೇ ಗುಂಡಿಯಲ್ಲಿ ಹೊಸದು ಹುಟ್ಟುತ್ತದೆ. ಪ್ರತಿ ಹೊಸ ಕೂದಲಿಗೂ ಬಣ್ಣದ ಕೋಶಗಳ ಹೊಸ ತಂಡ ಬೇಕು. ಅದನ್ನು ಒದಗಿಸುವುದು ತುಸು ಮೇಲ್ಭಾಗದಲ್ಲಿರುವ ಆಕರಕೋಶಗಳು, ರೈತರ ಮಾತಿನಲ್ಲಿ ಹೇಳುವುದಾದರೆ ಬೀಜದ ದಾಸ್ತಾನು. ಆ ದಾಸ್ತಾನು ಬರಿದಾದರೆ ನರೆ ಎಂಬುದನ್ನು 2005ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ತೋರಿಸಿದರು. ದಾಸ್ತಾನು ಇದ್ದರೂ ಕೋಶಗಳು ಇದ್ದಲ್ಲೇ ಸಿಕ್ಕಿಹಾಕಿಕೊಂಡು ಕೆಲಸಕ್ಕೆ ಬಾರದಿರಬಹುದೆಂದು 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ಹೇಳಿತು.

ದಾಸ್ತಾನು ಎಷ್ಟು ಬೇಗ ಮುಗಿಯಬೇಕೆಂಬುದು ಬಹುಮಟ್ಟಿಗೆ ವಂಶದಿಂದ ಬಂದದ್ದು. ನರೆಯ ಜೊತೆ ನಂಟಿರುವ ಐಆರ್‌ಎಫ್4 ಎಂಬ ವಂಶವಾಹಿಯನ್ನು 2016ರಲ್ಲಿ ಗುರುತಿಸಲಾಗಿದೆ. ಏಷ್ಯಾದವರಲ್ಲಿ 25ಕ್ಕಿಂತ ಮೊದಲು ಬಂದರೆ ಅದನ್ನು ಅಕಾಲಿಕ ನರೆ ಎನ್ನುವುದು ವೈದ್ಯರ ರೂಢಿ. ಹೀಗೆ ಬಂದಾಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಜಾಣತನ. ಥೈರಾಯ್ಡ್ ತೊಂದರೆ ಇರಬಹುದು, ಬಿ12 ಜೀವಸತ್ವದ ಕೊರತೆ ಇರಬಹುದು. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ, ರೊಟ್ಟಿ ಪಲ್ಯದಿಂದಲ್ಲ. ಹಾಲು ಮೊಸರೂ ಕಡಿಮೆಯಾದ ಸಸ್ಯಾಹಾರಿ ಮನೆಗಳು ಇದನ್ನು ಗಮನಿಸಬೇಕು. ಈ ಕೊರತೆ ನೀಗಿದರೆ ಕೆಲವರಲ್ಲಿ ಕಪ್ಪು ಮರಳುವುದೂ ಉಂಟು. ಬೀಡಿ ಸಿಗರೇಟು ಸೇದುವವರಲ್ಲಿ ಬೇಗ ನರೆ ಕಾಣುವುದು ಹೆಚ್ಚು.

ಹಾಗಾದರೆ ಚಿಂತೆ? ಬೆಂಚಿನ ಮೇಲಿದ್ದವರ ಮಾತು ಪೂರ್ತಿ ಸುಳ್ಳಲ್ಲ. ತೀವ್ರ ಒತ್ತಡಕ್ಕೆ ಸಿಲುಕಿದ ಇಲಿಗಳಲ್ಲಿ ನರಗಳು ಸ್ರವಿಸುವ ರಾಸಾಯನಿಕವೊಂದು ಆಕರಕೋಶಗಳನ್ನು ಬರಿದು ಮಾಡುತ್ತದೆಂದು 2020ರಲ್ಲಿ ಹಾರ್ವರ್ಡ್‌ನಲ್ಲೇ ಕಂಡುಕೊಂಡರು. ಆದರೆ 1793ರಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳ ತಲೆ ರಾತ್ರಿ ಕಳೆಯುವುದರಲ್ಲಿ ಬೆಳ್ಳಗಾಯಿತೆಂಬುದು ಕಥೆ. ಹುಟ್ಟಿದ ಕೂದಲು ಬಣ್ಣ ಬದಲಿಸದು. ಕಪ್ಪು ಕೂದಲುಗಳಷ್ಟೇ ಉದುರುವ ಒಂದು ಕಾಯಿಲೆಯಲ್ಲಿ ಹಾಗೆ ಕಂಡೀತು.

ಗರಗದ ಸೊಪ್ಪಿನ ಎಣ್ಣೆಯಿಂದ ಹೊಳಪು ಬರಬಹುದು, ಬಿಳಿಯ ಕೂದಲು ಕಪ್ಪಾಗದು. ಒಂದು ಕಿತ್ತರೆ ಹತ್ತು ಹುಟ್ಟುತ್ತವೆಂಬ ಹೆದರಿಕೆಯೂ ಬೇಡ. ಆದರೆ ಕಿತ್ತ ಗುಂಡಿಯಲ್ಲಿ ಬಿಳಿಯೇ ಹುಟ್ಟುವುದರಿಂದ ಕಿತ್ತು ಲಾಭವಿಲ್ಲ. ಹೆದರಬೇಕಾದ್ದು ಪುಡಿಕೆಯ ಬಣ್ಣಕ್ಕೆ. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲೂ ಅನೇಕ ಬಾರಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಒಗ್ಗದವರಿಗೆ ಮುಖ ಬಾತು, ನೆತ್ತಿಯಲ್ಲಿ ಬೊಬ್ಬೆ ಏಳುತ್ತವೆ. ಬರೀ ಮದರಂಗಿ ಸೊಪ್ಪು ಕೊಡುವುದು ಕೆಂಪು ಬಣ್ಣವನ್ನೇ ಹೊರತು ಕಪ್ಪನ್ನಲ್ಲ. ಬಣ್ಣ ಹಚ್ಚುವ ಎರಡು ದಿನ ಮೊದಲು ಕಿವಿಯ ಹಿಂದೆ ತುಸು ಸವರಿ ನೋಡಬೇಕು. ತುರಿಕೆ ಬಂದರೆ ಆ ಪುಡಿಕೆ ತಿಪ್ಪೆಗೆ.

ಅಂಗಡಿಯ ಹುಡುಗನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಹಚ್ಚಿಸಿಕೊಂಡು, ಕನ್ನಡಿಯಲ್ಲಿ ಎರಡೆರಡು ಸಲ ನೋಡಿಕೊಂಡು ಹೋದ. ಅವನು ರಸ್ತೆ ದಾಟಿದ ಮೇಲೆ ಕಾಕಾ ಕತ್ತರಿ ಒರೆಸುತ್ತ ನೆನಪಿಸಿಕೊಂಡರು: ‘ಅವರಪ್ಪಂದೂ ಲಗ್ನಕ್ಕಿಂತ ಮೊದಲ ಹಿಂಗ ಆಗಿತ್ತ ನೋಡ್ರಿ. ಆವಾಗ ಎಲ್ಲಾರೂ ಬಾವಿ ನೀರ ಕುಡೀತಿದ್ವಿ.’