ಮುಖ ಕಾಣದ ಗೆಳೆತನ, ಮುಚ್ಚಿಡಲಾಗದ ದುಃಖ

ಮಗನ ಪಾಸ್‌ವರ್ಡ್ ಅಪ್ಪನ ಬಳಿ ಇತ್ತು. 2014ರ ನವೆಂಬರ್ 18ರಂದು ಮಾಟ್ಸ್ ಸ್ಟೀನ್ ತೀರಿಕೊಂಡ ಮೇಲೆ ತಂದೆ ರಾಬರ್ಟ್ ಸ್ಟೀನ್ ಅವರು ನಾರ್ವೆಯ ಓಸ್ಲೋದಲ್ಲಿ ಕುಳಿತು ಮಗನ ಬ್ಲಾಗ್ ತೆರೆದರು. ಮಗ ಇನ್ನಿಲ್ಲ ಎಂದು ಬರೆದು, ಕೊನೆಗೆ ತಮ್ಮ ಇ-ಮೇಲ್ ವಿಳಾಸ ಹಾಕಿದರು. ಅದನ್ನು ಓದುವವರು ಯಾರಾದರೂ ಇದ್ದಾರೆಂಬ ಭರವಸೆ ಅವರಿಗಿರಲಿಲ್ಲ. ಆದರೆ ಉತ್ತರಗಳು ಬರತೊಡಗಿದವು. ಡೆನ್ಮಾರ್ಕ್, ನೆದರ್‌ಲೆಂಡ್ಸ್, ಫಿನ್‌ಲೆಂಡ್, ಇಂಗ್ಲೆಂಡಿನಿಂದ ಅಪರಿಚಿತರು ಪುಟಗಟ್ಟಲೆ ಬರೆದರು. ನಿಮ್ಮ ಮಗ ನನ್ನ ಕಷ್ಟಕ್ಕಾದ, ನನ್ನ ಬದುಕನ್ನೇ ಬದಲಿಸಿದ ಎಂದರು. ಮಗನಿಗೆ ಗೆಳೆಯರೇ ಇಲ್ಲವೆಂದು ವರ್ಷಗಳಿಂದ ಒಳಗೊಳಗೇ ಕೊರಗಿದ್ದ ತಂದೆತಾಯಿಗೆ, ಅವನನ್ನು ಕಳೆದುಕೊಂಡವರು ತಾವಿಬ್ಬರೇ ಅಲ್ಲ ಎಂಬುದು ಅಂದು ತಿಳಿಯಿತು.

ಮಾಟ್ಸ್‌ಗೆ ಆಗ 25 ವರ್ಷ. ನಾಲ್ಕನೇ ವಯಸ್ಸಿನಲ್ಲೇ ಡೂಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇರುವುದು ಗೊತ್ತಾಗಿತ್ತು. ಸ್ನಾಯುಗಳನ್ನು ಗಟ್ಟಿಯಾಗಿ ಕಾಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದೆ ಬರುವ ಕಾಯಿಲೆ ಅದು. ಅದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಬಹುಪಾಲು ಗಂಡುಮಕ್ಕಳನ್ನೇ ಕಾಡುತ್ತದೆ. ಮೊದಲು ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಕೈಯದು, ಕೊನೆಗೆ ಉಸಿರಾಟದ ಮತ್ತು ಹೃದಯದ ಸ್ನಾಯುಗಳೂ ಸೋಲುತ್ತವೆ. ಬೆರಳುಗಳಲ್ಲಿ ಉಳಿದ ಅಲ್ಪಸ್ವಲ್ಪ ಚಲನೆಯಲ್ಲೇ ಮಾಟ್ಸ್ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಬದುಕಿನ ಕೊನೆಯ ಹತ್ತು ವರ್ಷಗಳಲ್ಲಿ ಅವನು ಗೇಮ್‌ನಲ್ಲಿ ಕಳೆದದ್ದು ಸುಮಾರು 15ರಿಂದ 20 ಸಾವಿರ ಗಂಟೆ. ಮನೆಯವರಿಗೆ ಕಂಡದ್ದು ಕುರ್ಚಿಯಲ್ಲಿ ಕುಳಿತ ಮಗನ ಬೆನ್ನು ಮಾತ್ರ.

ಇಬೆಲಿನ್ ಎಂಬ ಗೆಳೆಯ

ಅವನು ಆಡುತ್ತಿದ್ದದ್ದು 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಗೇಮ್. ಅದರಲ್ಲಿ ಅವನ ಹೆಸರು ಇಬೆಲಿನ್ ರೆಡ್‌ಮೂರ್. ಗಟ್ಟಿಮುಟ್ಟಾದ ಮೈಕಟ್ಟಿನ, ಬೇಕಾದಷ್ಟು ದೂರ ಓಡಬಲ್ಲ ಪತ್ತೇದಾರ. ‘ಸ್ಟಾರ್‌ಲೈಟ್’ ಎಂಬ ಗಿಲ್ಡ್‌ಗೆ, ಅಂದರೆ ಒಟ್ಟಾಗಿ ಆಡುವವರ ಬಳಗಕ್ಕೆ ಅವನು ಸೇರಿದ್ದ. ಶತ್ರುಗಳನ್ನು ಸದೆಬಡಿಯುವುದಕ್ಕಿಂತ ತಮ್ಮ ಪಾತ್ರಗಳಿಗೊಂದು ಬದುಕು ಕಟ್ಟುವುದರಲ್ಲೇ ಈ ಬಳಗಕ್ಕೆ ಆಸಕ್ತಿ. ಪಾತ್ರಗಳ ಬಾಯಲ್ಲಿ ಶುರುವಾದ ಮಾತು ನಿಧಾನಕ್ಕೆ ಸ್ವಂತ ಮನೆ, ಸ್ವಂತ ಸಂಕಟಗಳ ಕಡೆಗೆ ಹೊರಳುತ್ತಿತ್ತು.

ನೆದರ್‌ಲೆಂಡ್ಸ್‌ನ ಒಬ್ಬ ಹುಡುಗಿಯ ಓದು ಹಿಂದೆ ಬಿತ್ತೆಂದು ಹೆತ್ತವರು ಕಂಪ್ಯೂಟರ್ ಕಿತ್ತಿಟ್ಟರು. ಗೆಳೆಯರ ಬಳಗವೇ ಕೈತಪ್ಪಿ ಅವಳು ಕುಗ್ಗಿಹೋದಳು. ಮಾಟ್ಸ್ ಅವಳ ಹೆತ್ತವರಿಗೇ ಪತ್ರ ಬರೆದ. ಆ ಗೆಳೆತನ ಮಗಳಿಗೆ ಎಷ್ಟು ಮುಖ್ಯವೆಂದು ತಿಳಿಯಹೇಳಿದ. ಡೆನ್ಮಾರ್ಕಿನ ಒಬ್ಬ ತಾಯಿಗೆ ಆಟಿಸಂ ಇರುವ ಮಗನ ಮನಸ್ಸನ್ನು ತಲುಪುವ ದಾರಿ ಗೊತ್ತಾಗುತ್ತಿರಲಿಲ್ಲ. ನೀವಿಬ್ಬರೂ ಗೇಮ್‌ನೊಳಗೆ ಭೇಟಿಯಾಗಿ ನೋಡಿ ಎಂದ ಮಾಟ್ಸ್. ಎದುರೆದುರು ಅಪ್ಪುಗೆ ಕೊಡಲಾಗದ ಹುಡುಗ ಅಲ್ಲಿ ತನ್ನ ಪಾತ್ರದ ಮೂಲಕ ಅಮ್ಮನನ್ನು ತಬ್ಬಿಕೊಂಡ.

ಇಷ್ಟೆಲ್ಲ ಮಾಡಿದವನು ತನ್ನ ಕಾಯಿಲೆಯನ್ನು ಮಾತ್ರ ವರ್ಷಗಟ್ಟಲೆ ಮುಚ್ಚಿಟ್ಟ. ವಿಡಿಯೋ ಕರೆಗೆ ಬರುತ್ತಿರಲಿಲ್ಲ, ದನಿ ಕೇಳಿಸುತ್ತಿರಲಿಲ್ಲ. ಕೆಲವೊಮ್ಮೆ ಸಿಡುಕಿ ಹತ್ತಿರದವರನ್ನು ನೋಯಿಸಿದ್ದೂ ಇದೆ. ಬೇಸರ, ಜಗಳ, ಮತ್ತೆ ರಾಜಿ ಎಲ್ಲವೂ ಇದ್ದ ಗೆಳೆತನವನ್ನು ಸುಳ್ಳೆನ್ನುವುದು ಹೇಗೆ? ಕೊನೆಯ ದಿನಗಳಲ್ಲಿ ಬ್ಲಾಗ್ ಬರೆಯತೊಡಗಿದಾಗ ಅವನ ಸ್ಥಿತಿ ಬಳಗಕ್ಕೆ ತಿಳಿಯಿತು. ಯಾರೂ ದೂರ ಸರಿಯಲಿಲ್ಲ.

ಅಂತ್ಯಕ್ರಿಯೆಗೆ ಬಳಗದವರು ಬೇರೆ ಬೇರೆ ದೇಶಗಳಿಂದ ಓಸ್ಲೋಗೆ ಬಂದರು. ಶವಪೆಟ್ಟಿಗೆಯ ಮೇಲೆ ಸ್ಟಾರ್‌ಲೈಟ್‌ನ ಬಾವುಟ ಹೊದಿಸಿದ್ದರು. ಬಳಗದ ಮುಖ್ಯಸ್ಥರು ಅಲ್ಲಿ ಮಾತಾಡುತ್ತ, ಇದೇ ಹೊತ್ತಿಗೆ ನೆದರ್‌ಲೆಂಡ್ಸ್‌ನ ಒಂದು ತರಗತಿಯಲ್ಲಿ, ಐರ್ಲೆಂಡಿನ ಒಂದು ಕಾಲ್ ಸೆಂಟರ್‌ನಲ್ಲಿ, ಸ್ವೀಡನ್ನಿನ ಒಂದು ಗ್ರಂಥಾಲಯದಲ್ಲಿ ಮಾಟ್ಸ್‌ಗಾಗಿ ಮೇಣದಬತ್ತಿ ಉರಿಯುತ್ತಿದೆ ಎಂದರು. ಮುಂದೆ ಪ್ರತಿ ವರ್ಷವೂ ಬಳಗ ಅವನ ನೆನಪಿಗೆ ಗೇಮ್‌ನೊಳಗೆ ಸೇರುತ್ತ ಬಂತು; ಅವನು ಓಡುತ್ತಿದ್ದ ದಾರಿಯಲ್ಲೇ ಒಟ್ಟಾಗಿ ಓಡಿತು. ಗೇಮ್‌ನಲ್ಲಿ ಆಡಿದ ಮಾತುಗಳೆಲ್ಲ ಸಾವಿರಾರು ಪುಟಗಳ ದಾಖಲೆಯಾಗಿ ಉಳಿದಿದ್ದವು. ಅವುಗಳಿಂದಲೇ ನಿರ್ದೇಶಕ ಬೆಂಜಮಿನ್ ರೀ ಅವರು ಮಾಟ್ಸ್‌ನ ಆ ಬದುಕನ್ನು ಆ್ಯನಿಮೇಶನ್‌ನಲ್ಲಿ ಮರಳಿ ಕಟ್ಟಿದರು. 2024ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದ ಆ ಸಾಕ್ಷ್ಯಚಿತ್ರ ‘ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ ಅದೇ ವರ್ಷ ನೆಟ್‌ಫ್ಲಿಕ್ಸ್‌ಗೆ ಬಂತು.

ಯಾರಿಗೂ ಹೇಳಲಾಗದ ದುಃಖ

ಇಂಥ ಶೋಕಕ್ಕೆ ಎಲ್ಲ ಕಡೆಯೂ ಮರ್ಯಾದೆ ಸಿಕ್ಕಿಲ್ಲ. 2006ರಲ್ಲಿ ಇದೇ ಗೇಮ್‌ನಲ್ಲಿ, ತೀರಿಕೊಂಡ ಗೆಳತಿಯೊಬ್ಬಳನ್ನು ನೆನೆಯಲು ಆಟಗಾರರು ಹಿಮ ಹೊದ್ದ ವಿಂಟರ್‌ಸ್ಪ್ರಿಂಗ್‌ನಲ್ಲಿ ಸೇರಿದ್ದರು. ಎದುರಾಳಿ ಗಿಲ್ಡ್ ಒಂದು ನುಗ್ಗಿ ನೆರೆದವರನ್ನೆಲ್ಲ ಕೊಂದು, ಅದರ ವಿಡಿಯೋವನ್ನೂ ಹರಿಯಬಿಟ್ಟಿತು. ಗೇಮ್ ತಾನೇ, ನಿಯಮ ಮುರಿದಿಲ್ಲವಲ್ಲ ಎಂದು ವಾದಿಸಿದವರಿದ್ದರು. ಕೊಂದದ್ದು ಪಾತ್ರಗಳನ್ನು, ನಿಜ. ಆದರೆ ಆ ಪಾತ್ರಗಳ ಹಿಂದೆ ಅಳುತ್ತಿದ್ದವರು ಮನುಷ್ಯರು.

ಬೇರೆಡೆ ಇದೇ ದುಃಖ ದೊಡ್ಡದಾಗಿ ಕಾಣಿಸಿಕೊಂಡದ್ದೂ ಇದೆ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಘಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿಯಲ್ಲಿ ಶಾನ್ ಸ್ಮಿತ್ ಸತ್ತರು. ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶದ ಗೇಮ್‌ನಲ್ಲಿ ಅವರು ‘ವೈಲ್ ರ‍್ಯಾಟ್’ ಹೆಸರಿನ ನುರಿತ ಸಂಧಾನಕಾರ. ಸಾವಿನ ಸುದ್ದಿ ತಿಳಿದ ಆಟಗಾರರು ಗೇಮ್‌ನೊಳಗಿನ ಬಾಹ್ಯಾಕಾಶ ನಿಲ್ದಾಣಗಳಿಗೆ ಅವರ ಹೆಸರಿಟ್ಟರು. ಅವರ ಕುಟುಂಬಕ್ಕಾಗಿ ಹಣ ಕೂಡಿಸಿದರು.

ಸಮಾಜ ಒಪ್ಪದ ದುಃಖವನ್ನು ಹೊತ್ತವರ ಪಾಡಿನ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಿಂದಲೇ ಬರೆಯುತ್ತ ಬಂದಿದ್ದಾರೆ. ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವ ರೂಢಿಯಿದೆ. ಸೂತಕಕ್ಕೆ, ತಿಥಿಗೆ ದಿನಗಳ ಲೆಕ್ಕವಿದೆ. ಈ ಕಟ್ಟುಪಾಡುಗಳು ನೆಂಟರಿಗೆ, ನೆರೆಯವರಿಗೆ ಅಳಲು ಜಾಗ ಮಾಡಿಕೊಡುತ್ತವೆ. ಆದರೆ ನೆಚ್ಚಿನ ನಟನ ಅಭಿಮಾನಿ ಬಳಗದಲ್ಲಿ, ಕ್ರಿಕೆಟ್ ಹರಟೆಯ ಗುಂಪಿನಲ್ಲಿ ದಿನವೂ ಮಾತಿಗೆ ಸಿಗುತ್ತಿದ್ದವನು ಹೋದರೆ ಯಾರ ಮನೆಗೆ ಹೋಗುವುದು? ಆಫೀಸಿನಲ್ಲಿ ಏನೆಂದು ಹೇಳಿ ರಜೆ ಕೇಳುವುದು? ಎಷ್ಟೋ ಸಲ ಸಾವಿನ ಸುದ್ದಿಯೇ ಬರುವುದಿಲ್ಲ. ಒಂದು ದಿನ ಮಾತು ನಿಲ್ಲುತ್ತದೆ, ಕಳಿಸಿದ ಸಂದೇಶ ಓದದೆ ಹಾಗೇ ಉಳಿಯುತ್ತದೆ. ಕೋಪಿಸಿಕೊಂಡನೋ, ಕಾಯಿಲೆ ಬಿದ್ದನೋ ಎಂದು ಕಾಯುವವರು ತಿಂಗಳುಗಟ್ಟಲೆ ಕಾಯುತ್ತಾರೆ.

ಅದಕ್ಕೇ ಮಾಡಬೇಕಾದ ಕೆಲಸಗಳಿವೆ, ಯಾವುದೂ ಕಷ್ಟದ್ದಲ್ಲ. ನಮಗೇನಾದರೂ ಆದರೆ ಯಾವ ಬಳಗಕ್ಕೆ, ಯಾರಿಗೆ ತಿಳಿಸಬೇಕೆಂದು ಮನೆಯ ಒಬ್ಬರಿಗಾದರೂ ಬರೆದು ಕೊಡಬೇಕು. ಬಳಗದವರೂ ಒಬ್ಬರಿಗೊಬ್ಬರು ಮನೆಯ ಒಂದು ಫೋನ್ ನಂಬರ್ ಕೊಟ್ಟುಕೊಂಡಿರಬೇಕು. ಮೊಬೈಲಿಗೆ ಅಂಟಿಕೊಂಡ ಮಕ್ಕಳನ್ನು ಎಷ್ಟು ಹೊತ್ತು ಆಡಿದೆ ಎಂದು ಗದರುವ ನಾವು, ಯಾರ ಜೊತೆ ಆಡುತ್ತೀಯ, ಅವರು ಎಂಥವರು ಎಂದೂ ಕೇಳಬೇಕು. ಮೋಸಗಾರರಿಂದ ಮಗುವನ್ನು ಕಾಯಲೂ ಅದೇ ಪ್ರಶ್ನೆ ಬೇಕು, ಒಳ್ಳೆಯ ಗೆಳೆಯರನ್ನು ಗುರುತಿಸಲೂ ಅದೇ ಬೇಕು.

ಮುಖವನ್ನೇ ನೋಡದ ಗೆಳೆಯನಿಗಾಗಿ ಮನೆಯಲ್ಲಿ ಯಾರಾದರೂ ಅತ್ತರೆ, ‘ಅವನು ಯಾರೋ, ಎಲ್ಲಿಯವನೋ’ ಎಂದು ಮಾತು ಮುರಿಯಬಾರದು. ಪಕ್ಕದಲ್ಲಿ ಕೂತು ಅವನ ಬಗ್ಗೆ ಹೇಳು ಎನ್ನಬೇಕು. ಸತ್ತವನ ಗುಣ ನೆನೆದು ಮಾತಾಡಿದಾಗಲೇ ಸಂಕಟ ಹಗುರಾಗುವುದು. ಹತ್ತಿರದವರ ಸಾವಿನಲ್ಲಿ ನಾವು ಮಾಡುವುದೂ ಅದನ್ನೇ. ಸತ್ತವನ ಮನೆಯವರಿಗೂ ನಾಲ್ಕು ಸಾಲು ಬರೆಯಿರಿ. ತಮ್ಮ ಮಗ ಪರ ಊರಿನ ಯಾರಿಗೋ ಕಷ್ಟದಲ್ಲಿ ಜೊತೆಯಾಗಿದ್ದ ಎಂಬುದು ಆ ಹೆತ್ತವರಿಗೆ ಗೊತ್ತಾಗಬೇಕು. ಅದನ್ನು ತಿಳಿಸಬಲ್ಲವರು ನೀವು ಮಾತ್ರ.