ನಿಮಗಿದು ಗೊತ್ತೆ? ತಾಲೂಕಿಗಿಂತ ಮೊದಲೇ ಬಂದ ಶಿಕ್ಷಣ ವಲಯ

ಮೂಡುಬಿದಿರೆ ಇನ್ನೂ ಮಂಗಳೂರು ತಾಲೂಕಿನ ಭಾಗವಾಗಿದ್ದಾಗಲೇ ಅದಕ್ಕೆ ತನ್ನದೇ ಶಿಕ್ಷಣ ವಲಯವಿತ್ತು. ಬಂಟ್ವಾಳ, ಬೆಳ್ತಂಗಡಿ ಸೇರಿ ದಕ್ಷಿಣ ಕನ್ನಡದಲ್ಲಿ ಇಂಥ 7 ವಲಯಗಳಿದ್ದು, ಪ್ರತಿಯೊಂದಕ್ಕೂ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ ಇರುತ್ತಾರೆ. ಆದರೆ ವಲಯಕ್ಕೆ ಸ್ವಂತ ತೆರಿಗೆಯಿಲ್ಲ, ಚುನಾಯಿತ ಮಂಡಳಿಯಿಲ್ಲ. ಶಿಕ್ಷಕರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಅಮೆರಿಕದಂತೆ ಊರಿನ ತೆರಿಗೆಯಿಂದಲೂ ಶಾಲೆ ನಡೆದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಇಂಡಿಯಾನಾ ರಾಜ್ಯದ ಉಕ್ಕಿನ ನಗರ ಗ್ಯಾರಿಯನ್ನು ನೋಡಿ: ಕಾರ್ಖಾನೆಯ ಕೆಲಸಗಳು ಕರಗಿ ಜನ ಊರು ಬಿಟ್ಟಂತೆ ಶಾಲೆಗಳ ಆದಾಯವೂ ಕುಸಿಯಿತು, ಸಾಲ ಏರಿತು, 2017ರಲ್ಲಿ ಆಡಳಿತವನ್ನು ರಾಜ್ಯವೇ ಕೈಗೆತ್ತಿಕೊಂಡಿತು. ಘಟ್ಟದ ಬುಡದ ಬೆಳ್ತಂಗಡಿಯ ಹಳ್ಳಿಗೆ ಆ ಪಾಡು ಬೇಡ. ಸಂಬಳ ರಾಜ್ಯದ್ದೇ ಆಗಿರಲಿ.

ಹಾಗೆಂದು ಎಲ್ಲವನ್ನೂ ಇಲಾಖೆಗೆ ಬಿಟ್ಟರೆ ಸಾಕೇ? ಸಾಲದು. ಮುಚ್ಚುವ ಅಂಚಿನಲ್ಲಿದ್ದ ಬಂಟ್ವಾಳದ ದಡ್ಡಲಕಾಡು ಸರಕಾರಿ ಶಾಲೆಯನ್ನು ಮತ್ತೆ ಮಕ್ಕಳಿಂದ ತುಂಬಿಸಿದ್ದು ಕರೆಂಕಿಯ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ಮತ್ತು ಊರವರು. ದಾನಿಗಳಿಲ್ಲದ ಊರಿನ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ಆಧಾರ ಶಾಲಾಭಿವೃದ್ಧಿ ಸಮಿತಿ: 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದೂ ಅನುದಾನದ ಬಳಕೆಯ ಮೇಲೆ ಕಣ್ಣಿಡುವುದೂ ಅವರ ಕೆಲಸ.