ಮಂಜುಗಡ್ಡೆಯ ಕೆಳಗೊಂದು ಬಲೆ

ಮಕ್ಕಳೇ, ಮೊದಲು ಒಂದು ಒಗಟು. ಸೆಲ್ಸಿಯಸ್ ಮಾಪಕವೂ ಫ್ಯಾರನ್‌ಹೀಟ್ ಮಾಪಕವೂ ಒಂದೇ ಅಂಕಿ ತೋರಿಸುವ ಉಷ್ಣತೆ ಯಾವುದು? ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. ಆಗಲಿಲ್ಲವೆಂದರೆ ಅಜ್ಜನನ್ನು ಕೇಳಿ. ಅಜ್ಜನಿಗೂ ಮರೆತುಹೋಗಿದ್ದರೆ ನಾನೇ ಹೇಳುತ್ತೇನೆ: ಮೈನಸ್ 40.

ನಮಗೆ ಇದು ಪುಸ್ತಕದ ಲೆಕ್ಕ. ಕೆನಡಾದ ಉತ್ತರದಲ್ಲಿರುವ ಗ್ರೇಟ್ ಸ್ಲೇವ್ ಸರೋವರದ ದಂಡೆಯ ಮಕ್ಕಳಿಗೆ ಜನವರಿಯ ಕೆಲವು ಬೆಳಗುಗಳು ನಿಜವಾಗಿಯೂ ಹೀಗೇ ಇರುತ್ತವೆ. ಆ ಹೊತ್ತಿನಲ್ಲಿ ಅವರ ಅಪ್ಪಂದಿರು, ಅಜ್ಜಂದಿರು ಮನೆಯೊಳಗೆ ಕಂಬಳಿ ಹೊದ್ದು ಕೂತಿರುವುದಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಡಿ ಓಡಿಸಿಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿರುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಸೂರ್ಯ ಹುಟ್ಟಿ ಮಧ್ಯಾಹ್ನ ಮೂರಕ್ಕೆ ಮುಳುಗುತ್ತಾನೆ. ಐದು ಗಂಟೆಯ ಬೆಳಕಿನಲ್ಲಿ ದಿನದ ಕೆಲಸ ಮುಗಿಯಬೇಕು.

ಈ ಸರೋವರದ ಅಳತೆ ಕೇಳಿದರೆ ಯಾರಿಗೂ ಆಶ್ಚರ್ಯವಾಗುತ್ತದೆ. ಹೆಚ್ಚು ಕಡಿಮೆ ನಮ್ಮ ಕರ್ನಾಟಕದ ಏಳನೇ ಒಂದು ಭಾಗದಷ್ಟು ವಿಸ್ತೀರ್ಣ. ಆಳ 614 ಮೀಟರ್, ಉತ್ತರ ಅಮೆರಿಕ ಖಂಡದಲ್ಲೇ ಅತಿ ಆಳದ ಸರೋವರ. ‘ಸ್ಲೇವ್’ ಎಂದರೆ ಗುಲಾಮ ಎಂದು ಓದಿ ಬೇಸರಪಡಬೇಡಿ. ಅದು ಕ್ರೀ ಎಂಬ ಬುಡಕಟ್ಟಿನವರು ನೆರೆಯವರಿಗೆ ಇಟ್ಟ ಅಡ್ಡಹೆಸರು. ಬಿಳಿಯರ ಬಾಯಲ್ಲಿ ಹಾಗೇ ಉಳಿದುಬಿಟ್ಟಿತು. ಅಲ್ಲಿನ ಮೂಲನಿವಾಸಿಗಳಾದ ಡೆನೆ ಜನ ಅದನ್ನು ತಮ್ಮ ಭಾಷೆಯಲ್ಲಿ ‘ದೊಡ್ಡ ಸರೋವರ’ ಎಂದೇ ಕರೆಯುತ್ತಾರೆ.

ಇಷ್ಟು ಚಳಿಯಲ್ಲಿ ಮೀನು ಹೇಗೆ ಬದುಕುತ್ತದೆ? ನೀರಿಗೆ ಒಂದು ವಿಚಿತ್ರ ಗುಣವಿದೆ. ಸಾಮಾನ್ಯವಾಗಿ ಯಾವ ವಸ್ತುವಾದರೂ ತಣ್ಣಗಾದಷ್ಟೂ ಕುಗ್ಗಿ ಭಾರವಾಗುತ್ತದೆ. ನೀರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಹಾಗೆ ಮಾಡುತ್ತದೆ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಿಗ್ಗಿ ಹಗುರಾಗುತ್ತದೆ. ಆದ್ದರಿಂದ ಅತಿ ತಣ್ಣನೆಯ ನೀರು ಮೇಲೆಯೇ ಉಳಿದು, ಅಲ್ಲೇ ಹೆಪ್ಪುಗಟ್ಟಿ, ಕೆಳಗಿನ ನೀರಿಗೆ ಮುಚ್ಚಳವಾಗುತ್ತದೆ. ಮೇಲೆ ಮೈನಸ್ 40 ಇದ್ದರೂ ಆಳದಲ್ಲಿ ಸುಮಾರು 4 ಡಿಗ್ರಿ. ಮೀನಿಗೆ ಅದೇ ಬೆಚ್ಚನೆಯ ಮನೆ. ಬರ್ಬಟ್ ಎಂಬ ಮೀನಂತೂ ನಡುಚಳಿಗಾಲದಲ್ಲಿ, ಮಂಜುಗಡ್ಡೆಯ ಕೆಳಗಿನ ಕತ್ತಲಲ್ಲೇ ಮೊಟ್ಟೆ ಇಡುತ್ತದೆ. ಬೇರೆ ಮೀನುಗಳು ವಸಂತಕ್ಕೋ ಶರತ್ಕಾಲಕ್ಕೋ ಕಾದರೆ ಇದಕ್ಕೆ ಚಳಿಯೇ ಶುಭಮುಹೂರ್ತ.

ಹವ್ಯಾಸಕ್ಕೆ ಮೀನು ಹಿಡಿಯುವವರ ಸಾಮಾನು ಸರಳ. ನಮ್ಮ ಬಡಗಿಯ ಬೈರಿಗೆಯನ್ನೇ ಆಳೆತ್ತರ ಮಾಡಿದಂಥ ಒಂದು ಕೊರೆಯುವ ಯಂತ್ರ. ಎರಡು ಅಡಿ ಉದ್ದದ ಗಾಳದ ಕೋಲು. ತೂತಿನ ಪಕ್ಕದಲ್ಲೇ ಕೂರುವವನಿಗೆ ಉದ್ದದ ಕೋಲು ಯಾಕೆ? ಜೊತೆಗೆ ಒಂದು ಜಾಲರಿ ಸೌಟು. ಅಜ್ಜಿಯಂದಿರೇ, ಬೋಂಡ ಎತ್ತುವ ಜಾಲರಿ ಸೌಟಿನ ಥರದ್ದೇ. ತೂತಿನ ನೀರು ಮತ್ತೆ ಮತ್ತೆ ಗಟ್ಟಿಯಾಗುತ್ತಿರುತ್ತದೆ, ಅದನ್ನು ಬಾಚಿ ತೆಗೆಯಲು ಇದು ಬೇಕೇ ಬೇಕು. ಕೆಲವರು ಗಾಳಕ್ಕೆ ಒಂದು ಪುಟ್ಟ ಬಾವುಟ ಕಟ್ಟಿಟ್ಟು ಗುಡಿಸಲಿನಲ್ಲಿ ಒಲೆಯ ಮುಂದೆ ಕೂರುತ್ತಾರೆ. ಮೀನು ಕಚ್ಚಿದರೆ ಬಾವುಟ ಪಟ್ಟನೆ ಮೇಲೇಳುತ್ತದೆ, ಮಕ್ಕಳು ಓಡುತ್ತಾರೆ.

ಹೊಟ್ಟೆಪಾಡಿಗೆ ಹಿಡಿಯುವವರಿಗೆ ಗಾಳ ಸಾಲದು, ಬಲೆ ಬೇಕು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಸ್ವಾರಸ್ಯದ ಭಾಗ ಇದೇ. ಆಳುದ್ದ ದಪ್ಪದ ಮಂಜುಗಡ್ಡೆಯ ಕೆಳಗೆ ನೂರು ಗಜದ ಬಲೆ ಹರಡುವುದು ಹೇಗೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ಹಿಂದಿನವರು ಸಾಲಾಗಿ ತೂತುಗಳನ್ನು ಕಡಿದು, ಹಗ್ಗ ಕಟ್ಟಿದ ಉದ್ದನೆಯ ಗಳುವನ್ನು ಒಂದು ತೂತಿನಿಂದ ಇನ್ನೊಂದಕ್ಕೆ ತಳ್ಳುತ್ತಾ ಹೋಗುತ್ತಿದ್ದರು. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ! ಆಮೇಲೆ ‘ಜಿಗ್ಗರ್’ ಬಂತು. ನೋಡಲು ಏನೂ ಅಲ್ಲ, ಒಂದು ಹಲಗೆ, ನಡುವೆ ಸೀಳು, ಸೀಳಿನಲ್ಲಿ ಒಂದು ಕಬ್ಬಿಣದ ತೋಳು, ಹಿಂದೊಂದು ಹಗ್ಗ. ಹಲಗೆಯನ್ನು ತೂತಿನೊಳಗೆ ಇಳಿಸಿದರೆ ಮರವಾದ್ದರಿಂದ ತೇಲಿ ಮಂಜುಗಡ್ಡೆಯ ತಳಕ್ಕೆ ಅಂಟಿಕೊಳ್ಳುತ್ತದೆ. ಮೇಲಿನಿಂದ ಹಗ್ಗ ಎಳೆದರೆ ಕಬ್ಬಿಣದ ತೋಳಿನ ಮೊನೆ ಮಂಜುಗಡ್ಡೆಯ ತಳವನ್ನು ಒತ್ತಿ ಹಲಗೆಯನ್ನು ಮುಂದಕ್ಕೆ ತಳ್ಳುತ್ತದೆ. ಹಗ್ಗ ಸಡಿಲ ಬಿಟ್ಟರೆ ತೋಳು ಮಡಚಿಕೊಳ್ಳುತ್ತದೆ. ಎಳೆ, ಬಿಡು, ಎಳೆ, ಬಿಡು. ಕಂಬಳಿಹುಳು ತೊಲೆಯ ಅಡಿಯಲ್ಲಿ ತಲೆಕೆಳಗಾಗಿ ತೆವಳಿದಂತೆ ಹಲಗೆ ಕತ್ತಲೆಯಲ್ಲಿ ತೆವಳುತ್ತಾ ಹೋಗುತ್ತದೆ, ಹಿಂದೆ ಹಗ್ಗವನ್ನೂ ಎಳೆದುಕೊಂಡು.

ಅದು ಎಲ್ಲಿಗೆ ಹೋಯಿತೆಂದು ತಿಳಿಯುವುದು ಹೇಗೆ? ಒಬ್ಬ ಮೇಲೆ ಅದರ ಜೊತೆಯಲ್ಲೇ ನಡೆಯುತ್ತಾನೆ. ಮಂಜುಗಡ್ಡೆ ತಿಳಿಯಾಗಿದ್ದರೆ ಹಲಗೆಗೆ ಬಳಿದ ಢಾಳು ಬಣ್ಣ ಕಾಣುತ್ತದೆ. ಇಲ್ಲವಾದರೆ ಪಾದದ ಕೆಳಗೆ ಟಕ್, ಟಕ್ ಎಂದು ತೋಳು ಬಡಿಯುವ ಸದ್ದು ಕೇಳುತ್ತದೆ. ಸಾಕಷ್ಟು ದೂರ ಹೋದ ಮೇಲೆ ಸದ್ದು ಬಂದಲ್ಲೇ ಇನ್ನೊಂದು ತೂತು ಕೊರೆದು, ಕೊಕ್ಕೆಯಿಂದ ಹಲಗೆಯನ್ನು ಎತ್ತುತ್ತಾರೆ. ಈಗ ಎರಡು ತೂತುಗಳ ನಡುವೆ ಹಗ್ಗ ಹಾಯ್ದಿದೆ. ಅದರ ತುದಿಗೆ ಬಲೆ ಕಟ್ಟಿ ಎಳೆದರೆ ಆಯಿತು. ಮೇಲೆ ತೇಲುಬೆಂಡು, ಕೆಳಗೆ ಭಾರ, ನೀರಿನಲ್ಲಿ ಬಲೆ ಗೋಡೆಯಂತೆ ನಿಲ್ಲುತ್ತದೆ. ವೈಟ್‌ಫಿಶ್ ಎಂಬ ಬೆಳ್ಳಿಬಣ್ಣದ ಮೀನು ಅದರ ಕಣ್ಣಿಗೆ ತಲೆ ತೂರಿಸಿ ಕಿವಿರು ಸಿಕ್ಕಿಸಿಕೊಳ್ಳುತ್ತದೆ. ಬಲೆಯ ಕಣ್ಣನ್ನು ಬೇಕೆಂದೇ ಅಗಲ ಇಟ್ಟಿರುತ್ತಾರೆ, ಮರಿಗಳು ನುಸುಳಿ ಹೋಗಲೆಂದು. ತಣ್ಣೀರಿನ ಮೀನು ಬಹಳ ನಿಧಾನವಾಗಿ ಬೆಳೆಯುತ್ತದೆ. ಟ್ರೌಟ್ ಮೀನನ್ನು ಇಲ್ಲಿ ಒಂದು ಕಾಲಕ್ಕೆ ಮಿತಿಮೀರಿ ಹಿಡಿದರು, ಬಡ್ಡಿ ಬಿಟ್ಟು ಅಸಲಿಗೇ ಕೈ ಹಾಕಿದಂತಾಯಿತು. 1970ರ ದಶಕದಲ್ಲಿ ಸರೋವರದ ಪೂರ್ವದ ತೋಳಿನಲ್ಲಿ ವ್ಯಾಪಾರದ ಬಲೆಗಳನ್ನೇ ನಿಲ್ಲಿಸಬೇಕಾಯಿತು.

ಬಲೆಯಿಂದ ತೆಗೆದ ಮೀನಿನದು ಇನ್ನೊಂದು ತಮಾಷೆ. ಮಂಗಳೂರು, ಮಲ್ಪೆಯ ಬಂದರಿನಲ್ಲಿ ಮೀನು ಕೆಡದಿರಲೆಂದು ಐಸ್ ಸುರಿಯುತ್ತಾರಲ್ಲ, ಇಲ್ಲಿ ಅದರ ತಿರುವುಮುರುವು. ಹೊರಗೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಮೀನು ಕೊರಡಿನಂತೆ ಸೆಟೆದುಕೊಳ್ಳುತ್ತದೆ. ಸೆಟೆದ ಮೀನಿಗಿಂತ ಹಸಿ ಮೀನಿಗೆ ಬೆಲೆ ಹೆಚ್ಚು. ಹಾಗಾಗಿ ಒಲೆ ಹೊತ್ತಿಸಿದ ಡೇರೆಯಲ್ಲೋ ಗಾಡಿಯ ಬೆಚ್ಚನೆಯ ಒಡಲಿನಲ್ಲೋ ಮೀನನ್ನು ಹೆಪ್ಪುಗಟ್ಟದಂತೆ ಕಾಪಾಡಿ ತರಬೇಕು!

ಆ ಗಾಡಿಯ ಹುಟ್ಟಿನ ಕಥೆ ಮಾತ್ರ ತಮಾಷೆಯಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದರು. ಹಿಮದ ಮೇಲೆ ಓಡುವ ಗಾಡಿ ಮಾಡಬೇಕೆಂಬುದು ಅವರ ಚಿಕ್ಕಂದಿನ ಹುಚ್ಚು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಅಪೆಂಡಿಕ್ಸಿನ ತೊಂದರೆ ವಿಪರೀತಕ್ಕೆ ಹೋಯಿತು. ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿದ್ದವು. ಪ್ರಯೋಗದ ಗಾಡಿ ಇನ್ನೂ ಬಿಚ್ಚಿದ ಸ್ಥಿತಿಯಲ್ಲಿ ಶೆಡ್ಡಿನಲ್ಲಿತ್ತು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಆ ತಂದೆ ಕೆಲಸ ಬಿಡಲಿಲ್ಲ. 1937ರಲ್ಲಿ ಅವರ ಗಾಡಿಗೆ ಪೇಟೆಂಟ್ ಸಿಕ್ಕಿತು. ಹಿಂದೆ ಟ್ಯಾಂಕಿನಂಥ ಪಟ್ಟಿ, ಮುಂದೆ ಜಾರುವ ಹಲಗೆಗಳು, ಗೋಡೆಗೆ ಹಡಗಿನಂಥ ದುಂಡು ಕಿಟಕಿಗಳು. ವೈದ್ಯರು ರೋಗಿಗಳ ಮನೆಗೆ ಹೋಗಲು, ಮಕ್ಕಳು ಶಾಲೆಗೆ ಹೋಗಲು ಅದೇ ಆಯಿತು. ಆ ಹಳೆಯ ಗಾಡಿಗಳನ್ನು ಉತ್ತರದ ಸರೋವರಗಳ ಬೆಸ್ತರು ಎಪ್ಪತ್ತು ವರ್ಷಗಳ ನಂತರವೂ ರಿಪೇರಿ ಮಾಡಿಕೊಂಡು ಓಡಿಸುತ್ತಾ ಬಂದಿದ್ದಾರೆ. ಅದರ ಚಾವಣಿಯಲ್ಲಿ ಒಂದು ಸಣ್ಣ ಬಾಗಿಲಿದೆ. ಯಾಕೆಂದು ಹೇಳಬೇಕಿಲ್ಲ ತಾನೆ? ಗಾಡಿ ಮಂಜುಗಡ್ಡೆ ಒಡೆದು ಮುಳುಗಿದರೆ ಹೊರಬರುವ ದಾರಿ ಅದೇ.

ಮೀನು ದಡ ಸೇರಿದ ಮೇಲೆ ಅದನ್ನು ಕೊಳ್ಳುವವರು ಯಾರು? ಊರುಗಳು ದೂರ, ಕೊಳ್ಳುವ ಕಂಪನಿಗಳು ಕೆಲವೇ, ಅವು ಹೇಳಿದ್ದೇ ಬೆಲೆ. ಈ ಗೋಳನ್ನು ತಪ್ಪಿಸಲೆಂದು ಕೆನಡಾ ಸರ್ಕಾರ 1969ರಲ್ಲಿ ಸಿಹಿನೀರಿನ ಮೀನು ಮಾರಾಟಕ್ಕೆ ಒಂದು ನಿಗಮ ಸ್ಥಾಪಿಸಿತು. ನಮ್ಮಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ವರ್ಷವೂ ಅದೇ, ನನ್ನಂಥ ಹಳೆಯ ಗುಮಾಸ್ತರಿಗೆ ಮರೆಯದ ವರ್ಷ. ಮೀನು ಕೊಟ್ಟಾಗ ಒಂದು ಕಂತು, ವರ್ಷದ ಕೊನೆಗೆ ಲಾಭ ಉಳಿದರೆ ಇನ್ನೊಂದು ಕಂತು. ನಮ್ಮ ಹಾಲಿನ ಡೇರಿಯ ಬೋನಸ್ ಇದ್ದ ಹಾಗೆ. ಸರೋವರದ ದಕ್ಷಿಣ ದಂಡೆಯ ಹೇ ರಿವರ್ ಊರಿನಿಂದ ನಿಗಮದ ಕಾರ್ಖಾನೆಯಿರುವ ವಿನಿಪೆಗ್ ನಗರಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಬೆಂಗಳೂರಿನಿಂದ ದೆಹಲಿಗೆ ಮೀನು ಒಯ್ದಂತಾಯಿತು. ಎಲ್ಲ ಬೆಸ್ತರಿಗೂ ನಿಗಮ ಹಿಡಿಸಿತೆಂದಲ್ಲ. ಬೆಲೆ ಸಾಲದೆಂದು ಗೊಣಗಿದವರಿದ್ದಾರೆ, ಕೆಲವು ಪ್ರಾಂತ್ಯಗಳು ಅದರಿಂದ ಹೊರಬಂದಿವೆ.

ಎಲ್ಲ ಮೀನೂ ಮಾರಾಟಕ್ಕೆ ಹೋಗುವುದಿಲ್ಲ. ಡೆನೆ ಜನರಲ್ಲಿ ಹಿಡಿದದ್ದನ್ನು ಹಂಚಿ ತಿನ್ನುವ ಪದ್ಧತಿ ಇದೆ. ಬಲೆ ಎಳೆಯಲಾಗದ ವೃದ್ಧರ ಮನೆಗೂ ಪಾಲು ಮುಟ್ಟುತ್ತದೆ. ನೀರಿಗಿಳಿಯುವ ಮುನ್ನ ಒಂದು ಚಿಟಿಕೆ ಹೊಗೆಸೊಪ್ಪನ್ನು ಸರೋವರಕ್ಕೆ ಅರ್ಪಿಸುವವರೂ ಇದ್ದಾರೆ. ಗಂಗಮ್ಮನಿಗೆ ಬಾಗಿನ ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಂಜುಗಡ್ಡೆಯ ಲೆಕ್ಕ. ತಿಳಿಯಾದ, ಗಟ್ಟಿ ಮಂಜುಗಡ್ಡೆ ನಾಲ್ಕು ಅಂಗುಲ ಇದ್ದರೆ ಒಬ್ಬ ಮನುಷ್ಯ ನಡೆಯಬಹುದು ಎನ್ನುತ್ತಾರೆ. ಮಧ್ಯಮ ಗಾತ್ರದ ಟ್ರಕ್ಕಿಗೆ ಒಂದಡಿಗಿಂತ ಹೆಚ್ಚು ಬೇಕು. ಹಿಮ ಬಿದ್ದು ಕಲಸಿ ಬೆಳ್ಳಗಾದ ಮಂಜುಗಡ್ಡೆಗೆ ಅರ್ಧ ಬಲ ಮಾತ್ರ. ಅನುಭವಸ್ಥರು ಹಾರೆಯಿಂದ ಕುಟ್ಟಿ ಕುಟ್ಟಿ ಸದ್ದು ಕೇಳಿಯೇ ಮುಂದಿನ ಹೆಜ್ಜೆ ಇಡುತ್ತಾರೆ. ನಿನ್ನೆ ನಡೆದ ದಾರಿಯನ್ನೂ ಇವತ್ತು ಮತ್ತೆ ಪರೀಕ್ಷಿಸುತ್ತಾರೆ. ಕುತ್ತಿಗೆಗೆ ಎರಡು ಚೂಪು ಮೊಳೆಯ ಹಿಡಿಗಳನ್ನು ತೂಗುಹಾಕಿಕೊಂಡಿರುತ್ತಾರೆ, ಬಿದ್ದರೆ ಜಾರುವ ಅಂಚನ್ನು ಕಚ್ಚಿ ಹಿಡಿದು ಮೇಲೆ ಬರಲು. ಗಾಡಿ ಓಡಿಸುವಾಗ ಸೀಟ್ ಬೆಲ್ಟ್ ಬಿಚ್ಚಿ ಕಿಟಕಿ ತೆರೆದಿಡಿ ಎಂಬ ಬುದ್ಧಿಮಾತು ಅಲ್ಲಿದೆ. (ಮಕ್ಕಳೇ, ಇದು ನಮ್ಮ ರಸ್ತೆಗೆ ಅನ್ವಯಿಸುವುದಿಲ್ಲ!) ಭಾರದ ಲಾರಿ ನಿಧಾನವಾಗಿಯೇ ಹೋಗಬೇಕು. ವೇಗವಾಗಿ ಹೋದರೆ ಮಂಜುಗಡ್ಡೆಯ ಕೆಳಗಿನ ನೀರಿನಲ್ಲಿ ಅಲೆ ಎದ್ದು, ಆ ಅಲೆಯೇ ಮಂಜುಗಡ್ಡೆಯನ್ನು ಒಡೆಯುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನಮಗೆ ಚಳಿಯೇ ಶತ್ರುವೆಂದು ತೋರುತ್ತದೆ. ಅವರಿಗೆ ಹಾಗಲ್ಲ. ಯೆಲ್ಲೋನೈಫ್ ಪಟ್ಟಣದಿಂದ ಎದುರು ದಂಡೆಯ ಡೆಟಾ ಎಂಬ ಡೆನೆ ಹಳ್ಳಿಗೆ ಬೇಸಿಗೆಯಲ್ಲಿ ಸುತ್ತುಬಳಸಿ 27 ಕಿಲೋಮೀಟರ್. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನೇರ ಆರೂವರೆ. ಚಳಿ ಎಂದರೆ ದಾರಿ, ಚಳಿ ಎಂದರೆ ಅನ್ನ. ಮೈನಸ್ 40ರಲ್ಲಿ ಅವರು ನಿಶ್ಚಿಂತೆಯಿಂದ ನಡೆಯುತ್ತಾರೆ, ಸೊನ್ನೆಯ ಆಸುಪಾಸಿನಲ್ಲಿ ಹೆದರುತ್ತಾರೆ. ಶೀತದೇಶಗಳಲ್ಲಿ ಚಳಿಗಾಲದ ಮುಳುಗು ಸಾವುಗಳನ್ನು ಲೆಕ್ಕಹಾಕಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು: ಚಳಿಗಾಲದ ಸರಾಸರಿ ಉಷ್ಣತೆ ಮೈನಸ್ 5 ಮತ್ತು ಸೊನ್ನೆಯ ನಡುವೆ ಇದ್ದಾಗಲೇ ಹೆಚ್ಚು ಸಾವು.

ಅಂಥ ಹದಚಳಿಯ ದಿನಗಳು ಈಗ ಹೆಚ್ಚುತ್ತಿವೆ. ಇದನ್ನು ಹೇಗೆ ಬಲ್ಲರೆಂದರೆ, ಸರೋವರ ಯಾವಾಗ ಹೆಪ್ಪುಗಟ್ಟಿತು, ಯಾವಾಗ ಕರಗಿತು ಎಂದು ಬರೆದಿಟ್ಟವರಿದ್ದಾರೆ. ಅತಿ ಹಳೆಯ ಲೆಕ್ಕ ಕೆನಡಾದ್ದಲ್ಲ, ಜಪಾನಿನ ಸುವಾ ಸರೋವರದ್ದು. ಅಲ್ಲಿ ಹೆಪ್ಪುಗಟ್ಟಿದ ನೀರು ಬಿರಿದು ಉದ್ದನೆಯ ದಿಬ್ಬ ಏಳುತ್ತದೆ. ಈ ದಂಡೆಯ ದೇವರು ಆ ದಂಡೆಯ ದೇವಿಯನ್ನು ಕಾಣಲು ನಡೆದುಹೋದ ಗುರುತು ಅದು ಎಂದು ಜನರ ನಂಬಿಕೆ. ಗುಡಿಯ ಪೂಜಾರಿಗಳು 1443ರಿಂದ ತಲೆತಲಾಂತರವಾಗಿ ಅದನ್ನು ಬರೆಯುತ್ತಾ ಬಂದಿದ್ದಾರೆ. ಬದುಕಿಡೀ ಲೆಡ್ಜರ್ ಬರೆದ ನಾನು ಆ ಪುಸ್ತಕಕ್ಕೆ ದೂರದಿಂದಲೇ ಕೈಮುಗಿಯುತ್ತೇನೆ. ಮೊದಲ 250 ವರ್ಷಗಳಲ್ಲಿ ಸರೋವರ ಹೆಪ್ಪುಗಟ್ಟದೇ ಹೋದದ್ದು ಮೂರೇ ಸಲ. 2005ರಿಂದ 2014ರವರೆಗಿನ ಹತ್ತೇ ವರ್ಷಗಳಲ್ಲಿ ಐದು ಸಲ. ಭೂಮಿಯ ಉತ್ತರಾರ್ಧದ 60 ಸರೋವರಗಳ ಹಳೆಯ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದ ವಿಜ್ಞಾನಿಗಳ ಪ್ರಕಾರ, ಮಂಜುಗಡ್ಡೆಯ ಕಾಲ ಶತಮಾನಕ್ಕೆ ಸರಾಸರಿ 17 ದಿನ ಕಡಿಮೆಯಾಗುತ್ತಿದೆ. ಬೆಸ್ತನಿಗೆ 17 ದಿನ ಎಂದರೆ ಎರಡು ವಾರಕ್ಕೂ ಮೀರಿದ ದುಡಿಮೆ.

ಗ್ರೇಟ್ ಸ್ಲೇವ್ ಇನ್ನೂ ಪ್ರತಿ ವರ್ಷ ಹೆಪ್ಪುಗಟ್ಟುತ್ತದೆ. ಮೇ ತಿಂಗಳ ಬಿಸಿಲಿಗೆ ಮಂಜುಗಡ್ಡೆ ಮೇಣದಬತ್ತಿಗಳನ್ನು ನೆಟ್ಟಗೆ ಜೋಡಿಸಿಟ್ಟಂತೆ ಸೂಜಿಸೂಜಿಯಾಗಿ ಬಿಡಿಸಿಕೊಳ್ಳುತ್ತದೆ. ಆಗ ಅದು ಅಡಿಗಟ್ಟಲೆ ದಪ್ಪವಿದ್ದರೂ ಮನುಷ್ಯನ ತೂಕ ತಡೆಯದು. ಬಲೆಗಳು ಅಷ್ಟರಲ್ಲೇ ಮೇಲೆ ಬಂದಿರುತ್ತವೆ. ಯೆಲ್ಲೋನೈಫ್ ಕೊಲ್ಲಿಯಲ್ಲಿ ದೋಣಿಮನೆಗಳಲ್ಲಿ ವಾಸಿಸುವವರಿಗೆ ಈ ಕೆಲವು ವಾರಗಳೇ ಕಷ್ಟ. ನಡೆಯಲು ಮಂಜುಗಡ್ಡೆ ಸಾಲದು, ದೋಣಿ ಓಡಿಸಲು ನೀರು ಸಾಲದು. ಪುಟ್ಟ ದೋಣಿಯೊಂದನ್ನು ಪಕ್ಕದಲ್ಲಿ ಹಿಡಿದುಕೊಂಡು, ಒಂದು ಕಾಲು ಅದರೊಳಗಿಟ್ಟು, ಇನ್ನೊಂದು ಕಾಲಿನಿಂದ ಮಂಜುಗಡ್ಡೆಯನ್ನು ಒದೆಯುತ್ತಾ ಪೇಟೆಗೆ ಸಾಮಾನು ತರಲು ಹೋಗುತ್ತಾರೆ.